ಬಂದವರಿಗೆ ಏನು ಹೇಳಬೇಕು

ನಾಲ್ಕು ವರ್ಷಗಳ ಹಿಂದೆ ನನಗೆ ಆದದ್ದು ಹರ್ನಿಯಾ ಆಪರೇಷನ್ ಅಲ್ಲ, ಮೂಲವ್ಯಾಧಿಯದು. ಇಷ್ಟನ್ನು ಬರೆಯುವುದಕ್ಕೆ ಬೆಳಗಿನಿಂದ ಮೂರು ಹಾಳೆ ಹರಿದು ಹಾಕಿದ್ದೇನೆ. ನನ್ನ ಹೆಂಡತಿಯ ಅಣ್ಣ, ನಮ್ಮ ಅಂಚೆ ಕಚೇರಿಯವರು, ಮೇಲಿನ ಮನೆಯವರು, ಎಲ್ಲರೂ ಇವತ್ತಿಗೂ ಹರ್ನಿಯಾ ಅಂತಲೇ ತಿಳಿದಿದ್ದಾರೆ. ತಿಳಿದುಕೊಂಡಿರಲಿ, ಅದರಿಂದ ಯಾರ ಗಂಟು ಹೋಗುತ್ತೆ ಎಂದು ಇಷ್ಟು ದಿನ ಸುಮ್ಮನಿದ್ದೆ. ಈಗ ಬಾಯಿ ಬಿಡುವುದಕ್ಕೆ ಕಾರಣ ನನ್ನನ್ನು ನೋಡಿಕೊಂಡಿದ್ದ ಒಬ್ಬ ನರ್ಸ್. ಅವರು ತೀರಿಹೋಗಿ ಒಂದು ತಿಂಗಳಾಯಿತು. ನನಗೆ ಅಳು ಬಂದಿಲ್ಲ. ಬರಬಹುದೆಂದು ಎರಡು ಮೂರು ದಿನ ಕಾದೆ, ಆಮೇಲೆ ಕಾಯುವುದನ್ನೂ ಬಿಟ್ಟೆ. ಊಟ ಮಾಡುತ್ತೇನೆ, ಬಸ್ಸು ಹತ್ತುತ್ತೇನೆ, ಕೌಂಟರಿನಲ್ಲಿ ಕೂರುತ್ತೇನೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನನಗೆ ಹೆಸರು ಗೊತ್ತು. ಕೋಲಾರದಲ್ಲಿದ್ದ ತಮ್ಮ ಅಕ್ಕನಿಗೆ ತಿಂಗಳಿಗೊಂದು ಮಾತ್ರೆಗಳ ಪಾರ್ಸೆಲ್ ಕಳಿಸಲು ಅವರು ನನ್ನ ಕೌಂಟರಿಗೇ ಬರುತ್ತಿದ್ದರು, ಕಳಿಸುವವರ ಹೆಸರಿನ ಜಾಗದಲ್ಲಿ ಅವರ ದುಂಡನೆಯ ಕನ್ನಡ ಅಕ್ಷರ ಇರುತ್ತಿತ್ತು. ಆರ್.ಟಿ. ನಗರದ ಸರ್ಕಾರಿ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರ ಎಂದು ಅದರ ಬಗ್ಗೆ ಕೊಂಚ ಜಂಬವೂ ಇತ್ತು. ಆದರೆ ನಾನು ಬಾಯಿ ತುಂಬ ಕರೆದದ್ದು ಸಿಸ್ಟರ್ ಎಂದೇ. ಗಂಗಾನಗರದ ಆ ಚಿಕ್ಕ ನರ್ಸಿಂಗ್ ಹೋಮಿನಲ್ಲಿ ನಾಲ್ಕೈದು ಸಿಸ್ಟರುಗಳಿದ್ದರು. ಹಾಗಿದ್ದರೂ "ಸಿಸ್ಟರ್ ಎಲ್ಲಿ?" ಎಂದು ಯಾರಾದರೂ ಕೂಗಿದರೆ ಅದು ಅವರೊಬ್ಬರಿಗೇ ಅನ್ವಯಿಸುತ್ತಿತ್ತು.

ಅಡ್ಮಿಟ್ ಆದ ದಿನ ಅವರು ಕೇಳಿದ ಪ್ರಶ್ನೆಗಳು ಎಲ್ಲ ಕಡೆ ಕೇಳುವಂಥವೇ. ಶುಗರ್ ಇದೆಯಾ, ಬಿ.ಪಿ. ಇದೆಯಾ, ಯಾವುದಾದರೂ ಇಂಜೆಕ್ಷನ್ ಒಗ್ಗುವುದಿಲ್ಲವಾ, ಅಲ್ಲಾಡುವ ಹಲ್ಲು ಇದೆಯಾ. ಎಲ್ಲ ಬರೆದುಕೊಂಡ ಮೇಲೆ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ಪೆನ್ನನ್ನು ಬಿಳಿ ಕೋಟಿನ ಜೇಬಿಗೆ ಸಿಕ್ಕಿಸಿ ಒಂದು ಮೋಟು ಪೆನ್ಸಿಲ್ ತೆಗೆದರು.

"ಬಂದವರಿಗೆ ಏನ್ ಹೇಳ್ಬೇಕು ಸಾರ್?"

ನನಗೆ ತಿಳಿಯಲಿಲ್ಲ. ಪಕ್ಕದಲ್ಲಿ ಫ್ಲಾಸ್ಕ್ ಹಿಡಿದು ಕೂತಿದ್ದ ನನ್ನ ಹೆಂಡತಿಯ ಮುಖ ನೋಡಿದೆ.

"ನೋಡೋಕೆ ಬರ್ತಾರಲ್ಲ ಸಾರ್ ಜನ, ಹಣ್ಣು ತಗೊಂಡು. ನಿಮ್ಮನ್ನ ಕೇಳಲ್ಲ, ಹೊರಗೆ ಬಂದು ನಮ್ಮನ್ನ ಕೇಳ್ತಾರೆ. ಏನ್ ಹೇಳ್ಲಿ? ಹರ್ನಿಯಾ ಇದೆ, ಕಿಡ್ನಿ ಸ್ಟೋನ್ ಇದೆ, ಅಪೆಂಡಿಕ್ಸ್ ಇದೆ. ಅಪೆಂಡಿಕ್ಸ್ ನಿಮ್ಮ ವಯಸ್ಸಿಗೆ ಅಷ್ಟು ಚೆನ್ನಾಗಿ ಕೂರಲ್ಲ."

ಸೀರೆ ಅಂಗಡಿಯಲ್ಲಿ ಬಣ್ಣ ತೋರಿಸುವವರ ಹಾಗೆ ಹೇಳುತ್ತಿದ್ದರು. ಎರಡು ವಾರದಿಂದ ಯಾರಿಗೆ ಏನು ಸುಳ್ಳು ಹೇಳಬೇಕೆಂದು ತಲೆ ಕೆಡಿಸಿಕೊಂಡಿದ್ದ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಹರ್ನಿಯಾನೇ ಇರ್ಲಿ ಸಿಸ್ಟರ್, ನಮ್ಮ ಮಾವನವರಿಗೂ ಆಗಿತ್ತು" ಎಂದಳು ನನ್ನ ಹೆಂಡತಿ. ಅವರು ಕೇಸ್ ಶೀಟಿನ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದರು: 'ಬಂದವರಿಗೆ ಹರ್ನಿಯಾ.' ಮುಂದಿನ ಪಾಳಿಯ ಹುಡುಗಿಯರು ಬಾಯಿ ತಪ್ಪಬಾರದಲ್ಲ, ಅದಕ್ಕೆ. ಡಿಸ್ಚಾರ್ಜ್ ದಿನ ಅದನ್ನು ರಬ್ಬರಿನಿಂದ ಉಜ್ಜಿ, ಪುಡಿಯನ್ನು ಊದಿ, ಆಮೇಲೆ ಫೈಲು ಮುಚ್ಚುತ್ತಿದ್ದರು. ಮೂವತ್ತು ವರ್ಷದಲ್ಲಿ ಅವರು ಹೀಗೆ ಎಷ್ಟು ಜನರ ಮಾನ ಬರೆದು ಅಳಿಸಿದ್ದರೋ ಏನೋ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ ಆಪರೇಷನ್ ಮಾಡಿದರು. ರೂಮಿಗೆ ತಂದು ದಿಂಬಿಲ್ಲದೆ ಮಲಗಿಸಿದ ಮೇಲೆ ಸಿಸ್ಟರ್ ಆಗಾಗ ಬಂದು ನನ್ನ ಕಾಲಿನ ಹೆಬ್ಬೆರಳು ಚಿವುಟುತ್ತಿದ್ದರು.

"ಗೊತ್ತಾಗ್ತಾ ಇದ್ಯಾ?"

"ಇಲ್ಲ ಸಿಸ್ಟರ್."

"ಸರಿ, ಆರಾಮಾಗಿರಿ. ಗೊತ್ತಾದ ಮೇಲೆ ಇದೆ ನಿಮಗೆ."

ಅವರು ಹೇಳಿದ್ದು ಸರಿಯಾಗಿತ್ತು. ನಾಲ್ಕನೆಯ ಸಲವೋ ಐದನೆಯ ಸಲವೋ ಚಿವುಟಿದ್ದು ಗೊತ್ತಾಯಿತು, ಅದರ ಹಿಂದೆಯೇ ಉಳಿದದ್ದೆಲ್ಲ ಗೊತ್ತಾಯಿತು. ಆ ನೋವನ್ನು ವರ್ಣಿಸಲು ಹೋಗುವುದಿಲ್ಲ. ಅನುಭವಿಸಿದವರಿಗೆ ಹೇಳಬೇಕಾಗಿಲ್ಲ, ಅನುಭವಿಸದವರು ನಗುತ್ತಾರೆ. ನೋಡಿ, ಈ ಕಾಯಿಲೆಯ ಕಷ್ಟವೇ ಅದು. ಎದೆ ಹಿಡಿದುಕೊಂಡವನನ್ನು ಕಂಡರೆ ಎಲ್ಲರೂ ಓಡಿ ಬರುತ್ತಾರೆ, ಇದನ್ನು ಹಿಡಿದುಕೊಳ್ಳುವುದಕ್ಕೂ ಆಗುವುದಿಲ್ಲ.

ಮಾರನೆಯ ಬೆಳಿಗ್ಗೆ ಗಾಯಕ್ಕೆ ತುರುಕಿದ್ದ ಗಾಜ್ ಬಟ್ಟೆ ತೆಗೆಯಬೇಕಿತ್ತು. ಸಿಸ್ಟರ್ ಟ್ರೇ ಹಿಡಿದು ಬಂದಾಗ ನಾನು ಚಾದರವನ್ನು ಎದೆಯವರೆಗೆ ಎಳೆದುಕೊಂಡೆ.

"ಗಂಡಸರು ಯಾರೂ ಇಲ್ವಾ ಸಿಸ್ಟರ್ ಇದಕ್ಕೆ?"

"ಇದಾನೆ. ಅವನ ತಂಗಿ ಮದುವೆಗೆ ಹೋಗಿದಾನೆ, ನಾಡಿದ್ದು ಬರ್ತಾನೆ. ಕಾಯ್ತೀರಾ?"

ನಾನು ಚಾದರದ ಅಂಚನ್ನು ಇನ್ನಷ್ಟು ಮೇಲಕ್ಕೆಳೆದೆ.

"ಅರೆ ಸಾರ್, ನಿಮ್ಮ ಪೋಸ್ಟ್ ಆಫೀಸ್‌ನಲ್ಲಿ ಕವರ್ ಮೇಲೆ ಸೀಲ್ ಹೊಡೀತೀರಲ್ಲ, ಯಾರ ಕವರ್ ಅಂತ ನೋಡ್ತಾ ಕೂರ್ತೀರಾ? ನಂಗೂ ಹಂಗೇ. ಗೋಡೆ ಕಡೆ ತಿರುಗಿ, ಬಾಯಲ್ಲಿ ಉಸಿರು ಬಿಡಿ."

ಗೋಡೆಯ ಮೇಲೆ ಒಂದು ಔಷಧಿ ಕಂಪನಿಯ ಕ್ಯಾಲೆಂಡರ್ ಇತ್ತು. ಆ ತಿಂಗಳಲ್ಲಿ ಎಷ್ಟು ಕೆಂಪು ದಿನಗಳಿವೆ ಎಂದು ಎಣಿಸಿ ಮುಗಿಸುವಷ್ಟರಲ್ಲಿ ಅವರ ಕೆಲಸ ಮುಗಿದಿತ್ತು. ಚಾದರ ಹೊದಿಸಿ, ಹೆಗಲ ಮೇಲೆ ಒಂದು ಸಲ ತಟ್ಟಿ, "ಸೀಲ್ ಆಯ್ತು" ಎಂದು ಹೋದರು. ಆಮೇಲೆ ನನಗೆ ಅವರ ಮುಂದೆ ನಾಚಿಕೆ ಎಂಬುದೇ ಆಗಲಿಲ್ಲ. ಹೆತ್ತ ತಾಯಿಯ ಮುಂದೆ ಕೂಡ ನಾನು ಅಷ್ಟು ನಿರಾಳವಾಗಿ ಇದ್ದವನಲ್ಲ.

ದಿನಕ್ಕೆ ಮೂರು ಸಲ ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರಿಸುತ್ತಿದ್ದರು. ನೀರಿಗೆ ನೇರಳೆ ಬಣ್ಣದ ಪುಡಿಯನ್ನು ಒಂದು ಚಿಟಿಕೆ ಹಾಕಿ, ಬಾಣಂತಿ ಕೋಣೆಯಲ್ಲಿ ನೋಡುವಂತೆ ಮೊಣಕೈ ಅದ್ದಿ ಬಿಸಿ ನೋಡುತ್ತಿದ್ದರು. "ಬೆರಳಿಗೆ ಬಿಸಿ ಗೊತ್ತಾಗಲ್ಲ ಸಾರ್, ದಿನಾ ಪಾತ್ರೆ ಹಿಡಿದು ದಪ್ಪ ಆಗಿರುತ್ತೆ. ಮೊಣಕೈ ಸುಳ್ಳು ಹೇಳಲ್ಲ."

ಹೆಂಡತಿಯ ಅಣ್ಣ ಬಂದದ್ದು ಮೂರನೆಯ ದಿನ. ಅವರಿಗೆ ಎಲ್ಲ ಕಾಯಿಲೆಯ ಬಗ್ಗೆಯೂ ಒಂದು ಅಭಿಪ್ರಾಯ ಇದೆ. ಬಾಳೆಹಣ್ಣಿನ ಚಿಪ್ಪು ಟೇಬಲಿನ ಮೇಲಿಟ್ಟು, "ಯಾವ ಕಡೆ, ಎಡಕ್ಕೋ ಬಲಕ್ಕೋ?" ಎಂದು ನನ್ನ ಹೊಟ್ಟೆಯ ಕಡೆ ಕೈ ಚಾಚಿದರು. ನಾನೂ ನನ್ನ ಹೆಂಡತಿಯೂ ಒಟ್ಟಿಗೆ ಬಾಯಿ ತೆರೆದೆವು. ಅವಳು ಎಡ ಎಂದಳು, ನಾನು ಬಲ ಎಂದೆ.

ಸಿಸ್ಟರ್ ಆ ಹೊತ್ತಿಗೆ ಬಿ.ಪಿ. ನೋಡಲು ಬಂದಿದ್ದರು. "ಎರಡೂ ಕಡೆ ಇತ್ತು ಸಾರ್, ಎರಡೂ ಒಟ್ಟಿಗೇ ಮಾಡಿದೀವಿ" ಎಂದು ಕಣ್ಣೂ ಮಿಟುಕಿಸದೆ ಹೇಳಿದರು. ನನ್ನ ಕಡೆ ತಿರುಗಿ ಗದರಿದರು: "ಕೆಮ್ಮುವಾಗ ಹೊಟ್ಟೆ ಹಿಡ್ಕೊಳ್ಳಿ ಅಂತ ಎಷ್ಟ್ ಸಲ ಹೇಳ್ಬೇಕು? ಕೆಮ್ಮಿ, ನೋಡೋಣ." ನಾನು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ವಿಧೇಯನಾಗಿ ಕೆಮ್ಮಿದೆ. ಕೆಮ್ಮಿದ ನೋವು ಹೋಗಿ ಮುಟ್ಟಿದ್ದು ಬೇರೆ ಕಡೆಗೆ. ಮುಖ ಕಿವುಚಿದ್ದನ್ನು ನೋಡಿ ಭಾವ ಹೌಹಾರಿ, "ಭಾರ ಗೀರ ಎತ್ತಬೇಡಿ, ಆರು ತಿಂಗಳು" ಎಂದು ಬೆವರು ಒರೆಸಿಕೊಂಡು ಎದ್ದುಹೋದರು. ಅವರು ಮೆಟ್ಟಿಲಿಳಿದದ್ದು ಖಚಿತವಾದ ಮೇಲೆ ನಾವು ಮೂವರೂ ನಕ್ಕೆವು. ನಗುವುದೂ ನೋಯುತ್ತಿತ್ತು.

ಆದರೆ ನಾನು ಅವರನ್ನು ನೆನೆಯುವುದು ಹೆಚ್ಚಾಗಿ ಬಾತ್‌ರೂಮಿನ ಬಾಗಿಲ ಆಚೆಯ ದನಿಯಾಗಿ. ಆಪರೇಷನ್ ಆದ ಮೇಲೆ ಮೊದಲ ಸಲ ಹೋಗುವುದಿದೆಯಲ್ಲ, ಅದರ ಭಯಕ್ಕೆ ನಾನು ಎರಡು ದಿನ ಊಟವನ್ನೇ ಬಿಟ್ಟಿದ್ದೆ. ಇಸಬ್ಗೋಲ್ ಕಲಸಿದ ನೀರನ್ನು ಎದುರಿಗೆ ನಿಂತು ಕುಡಿಸಿದರು. ರಾಗಿ ಗಂಜಿ, ಪಪ್ಪಾಯಿ, ನೀರು ಮಜ್ಜಿಗೆ, ಒಂದನ್ನೂ ಬಿಡಲಿಲ್ಲ. ಕೊನೆಗೆ ಬೇರೆ ದಾರಿಯಿಲ್ಲದೆ ಒಳಗೆ ಹೋದಾಗ ಬಾಗಿಲಿಗೆ ಬೆನ್ನು ಕೊಟ್ಟು ಹೊರಗೆ ನಿಂತರು.

"ಮುಕ್ಕರಿಬೇಡಿ ಸಾರ್. ಸುಮ್ನೆ ಕೂತು ನನ್ ಕಥೆ ಕೇಳಿ. ನನ್ ಮಗಳು ಸ್ಕೂಟಿ ಕಲ್ತ್ಕೊ ಅಂತ ಪ್ರಾಣ ತೆಗೀತಾ ಇದಾಳೆ. ನಿನ್ನೆ ಗ್ರೌಂಡ್‌ಗೆ ಕರ್ಕೊಂಡ್ ಹೋಗಿದ್ಲು. ಬ್ರೇಕ್ ಅಂತ ಇದನ್ನ ಹಿಡಿದೆ, ಅದು ಹೋಗಿ ಕಲ್ಲಂಗಡಿ ಗಾಡಿಗೆ..."

ಕಥೆ ಎಲ್ಲಿಗೆ ಮುಟ್ಟಿತೋ ನೆನಪಿಲ್ಲ. ನಾನು ಬಾಗಿಲು ತೆರೆದಾಗ ಅವರು ಒಂದೇ ಮಾತು ಕೇಳಿದರು, "ಆಯ್ತಾ?" ನಾನು ತಲೆಯಾಡಿಸಿದೆ. "ಅಲ್ಹಮ್ದುಲಿಲ್ಲಾ" ಎಂದು ಕಾರಿಡಾರಿಗೆಲ್ಲ ಕೇಳುವಂತೆ ಹೇಳಿ ನನ್ನ ಹೆಂಡತಿಯ ಕೈ ಕುಲುಕಿದರು. ಎಸೆಸೆಲ್ಸಿ ಪಾಸಾದಾಗಲೂ ನನಗೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಡಿಸ್ಚಾರ್ಜ್ ದಿನ ಮೂಲೆಯ ಪೆನ್ಸಿಲ್ ಬರಹವನ್ನು ಅಳಿಸುತ್ತಾ ಅವರು ಹೇಳಿದ ಮಾತನ್ನು ಇಲ್ಲಿ ಇದ್ದಂತೆಯೇ ಬರೆಯಬೇಕು. "ಇನ್ನೊಂದ್ ಸಲ ರಕ್ತ ಕಂಡ್ರೆ, ಅದೇ ಹಳೇದು ಅಂತ ನೀವೇ ತೀರ್ಮಾನ ಮಾಡ್ಬೇಡಿ. ಯಾರೇ ಆಗ್ಲಿ, ನಲವತ್ತೈದು ದಾಟಿದ ಮೇಲೆ ರಕ್ತ ಅಂದ್ರೆ ಒಳಗೆ ಕ್ಯಾಮರಾ ಹಾಕಿ ನೋಡ್ಲೇಬೇಕು. ನಾಚ್ಕೊಂಡು ಕೂತವರನ್ನ ನಾನು ಬೇಕಾದಷ್ಟು ನೋಡಿದೀನಿ."

ನಾನು ಮತ್ತೆ ಕೆಲಸಕ್ಕೆ ಹೋದೆ, ನಡುವೆ ತೂತಿರುವ ಒಂದು ರಬ್ಬರ್ ದಿಂಬಿನ ಸಮೇತ. ಅದಕ್ಕೆ ಗಾಳಿ ಊದಿ, ಮೇಲೆ ಒಂದು ಟವೆಲ್ ಹಾಸಿ ಕೂರುತ್ತಿದ್ದೆ. ಸಿಸ್ಟರ್ ತಿಂಗಳಿಗೊಮ್ಮೆ ಪಾರ್ಸೆಲ್ ಹಿಡಿದು ಬರುತ್ತಿದ್ದರು. ಸಾಲಿನಲ್ಲಿ ಹತ್ತು ಜನರ ಮುಂದೆಯೇ "ಭಾರ ಎತ್ತುತಾ ಇಲ್ಲ ತಾನೇ ಸಾರ್?" ಎನ್ನುತ್ತಿದ್ದರು. ಅದರ ಅರ್ಥ, ಮಲಬದ್ಧತೆ ಇಲ್ಲ ತಾನೇ ಎಂದು. "ಇಲ್ಲ ಸಿಸ್ಟರ್, ಹಗುರವಾಗಿದೀನಿ" ಎನ್ನುತ್ತಿದ್ದೆ. ನಮ್ಮ ಪೋಸ್ಟ್‌ಮಾಸ್ಟರ್ ಇದನ್ನು ಕೇಳಿಸಿಕೊಂಡು ನನ್ನನ್ನು ಪಾರ್ಸೆಲ್ ಮೂಟೆ ಎತ್ತುವ ಕೆಲಸಕ್ಕೆ ಕರೆಯುವುದನ್ನೇ ಬಿಟ್ಟಿದ್ದರು. ಕೆಲವು ತಿಂಗಳಲ್ಲಿ ದಿಂಬು ಮನೆಯ ಅಟ್ಟ ಸೇರಿತು.

ಈ ವರ್ಷ ಸಂಕ್ರಾಂತಿ ಮುಗಿದ ವಾರ ಅವರು ಬಂದಾಗ ಜನ ಕಡಿಮೆ ಇದ್ದರು. ಬೆಂಚು ಖಾಲಿ ಇದ್ದರೂ ಕೂರಲಿಲ್ಲ, ಗೋಡೆಗೆ ಒರಗಿ ನಿಂತರು. ಆ ನಿಲ್ಲುವಿಕೆ ನನಗೆ ಚೆನ್ನಾಗಿ ಗೊತ್ತಿದ್ದದ್ದೇ.

"ಏನ್ ಸಿಸ್ಟರ್?"

ಅವರು ಕೌಂಟರಿನ ಕಂಡಿಗೆ ಬಾಗಿ, ದುಪ್ಪಟ್ಟದ ಅಂಚನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. "ನಂಗೂ ಶುರುವಾಗಿದೆ ಸಾರ್. ನಿಮ್ದೇ."

"ಡಾಕ್ಟರಿಗೆ ತೋರಿಸಿದ್ರಾ?"

"ಯಾವ ಡಾಕ್ಟರಿಗೆ? ದಿನಾ ಎದುರಿಗೆ ಕೂತು ಟೀ ಕುಡಿಯೋರಿಗೆ ಹೋಗಿ ತೋರಿಸ್ಲಾ? ನಕ್ಕೋ ಬಾಬಾ, ಬೇಡವೇ ಬೇಡ. ಮೂವತ್ತು ವರ್ಷದಿಂದ ಇದನ್ನೇ ನೋಡಿದೀನಿ, ನಂಗೊತ್ತಾಗಲ್ವಾ?"

"ರಕ್ತ?"

"ಪೈಲ್ಸ್ ಅಂದ ಮೇಲೆ ರಕ್ತ ಬರದೆ ಹಾಲು ಬರುತ್ತಾ ಸಾರ್?"

ಅವರ ಕ್ಯಾಮರಾ ಮಾತು ನನಗೆ ಆಗಲೇ ನೆನಪಾಯಿತು. ನೆನಪಾಗಲಿಲ್ಲ ಎಂದು ಬರೆದರೆ ಸುಲಭ, ಆದರೆ ನೆನಪಾಯಿತು. ನಾಲಿಗೆಯ ತುದಿಯವರೆಗೂ ಬಂತು. ಹೆಂಗಸರೊಬ್ಬರಿಗೆ, ಅದೂ ಅವರಿಗೆ, ನಾನು ಹೇಗೆ ಅದನ್ನು ಹೇಳಲಿ ಅನ್ನಿಸಿತು. ನರ್ಸಿಗೆ ಗುಮಾಸ್ತ ಬುದ್ಧಿ ಹೇಳಿದ ಹಾಗಾಗುತ್ತದೆ ಎಂದೂ ಅನ್ನಿಸಿತು. ಅದನ್ನು ನುಂಗಿಕೊಂಡು ಬೇರೆ ಮಾತು ಆಡಿದೆ. ತಮಾಷೆ ಅಂದುಕೊಂಡೇ ಆಡಿದೆ.

"ಬಂದವರಿಗೆ ಏನ್ ಹೇಳ್ಬೇಕು ಸಿಸ್ಟರ್?"

ಅವರಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, "ಸೊಂಟ ನೋವು ಅನ್ನಿ. ಬೇರೆ ಯಾರಿಗೂ ಗೊತ್ತಾಗ್ಬಾರ್ದು ಸಾರ್, ನನ್ ಮಗಳಿಗೆ ಅಂತೂ ಬೇಡ. ಲ್ಯಾಬಲ್ಲಿ ಕೆಲಸ ಮಾಡ್ತಾಳೆ, ಇಲ್ಲದ ಟೆಸ್ಟೆಲ್ಲ ಮಾಡಿಸ್ತಾಳೆ" ಎಂದರು.

ಮಾರನೆಯ ದಿನ ಅಟ್ಟದಿಂದ ದಿಂಬನ್ನು ಇಳಿಸಿ, ಒರೆಸಿ, ಪೇಪರಿನಲ್ಲಿ ಸುತ್ತಿ ತಂದುಕೊಟ್ಟೆ. ನನಗೆ ಅವತ್ತು ಬಹಳ ಸಂತೋಷವಾಗಿತ್ತು. ಅಷ್ಟೊಂದು ಮಾಡಿದವರಿಗೆ ಕೊನೆಗೂ ಒಂದು ಉಪಕಾರ ಮಾಡಿದೆ, ಅವರ ಗುಟ್ಟು ನನ್ನ ಹತ್ತಿರ ಇದೆ ಎಂಬ ಹೆಮ್ಮೆ.

ಮುಂದಿನ ತಿಂಗಳುಗಳಲ್ಲಿ ಅವರು ಇಳಿದುಹೋದರು. ರಂಜಾನ್ ಬಂತು, ಒಂದು ಉಪವಾಸವನ್ನೂ ಬಿಡಲಿಲ್ಲವಂತೆ, ಅದಕ್ಕೆ ಎಂದರು. ನಾನೂ ಅದಕ್ಕೇ ಅಂದುಕೊಂಡೆ. ಹಬ್ಬ ಮುಗಿದು ಎರಡು ವಾರವಾದ ಮೇಲೆ ಪಾರ್ಸೆಲ್ ಹಿಡಿದು ಬಂದದ್ದು ಅವರಲ್ಲ, ಮಗಳು. ಇಪ್ಪತ್ತೈದರ ಆಸುಪಾಸಿನ ಹುಡುಗಿ, ತಾಯಿಯದೇ ಹಣೆ. ರಸೀದಿ ತೆಗೆದುಕೊಂಡ ಮೇಲೂ ನಿಂತೇ ಇದ್ದಳು.

"ಅಂಕಲ್, ಅಮ್ಮಿ ನಿಮ್ ಜೊತೆ ಚೆನ್ನಾಗ್ ಮಾತಾಡ್ತಾರಂತೆ. ನಂಗೆ ಏನೂ ಹೇಳ್ತಿಲ್ಲ. ತುಂಬಾ ಸಣ್ಣ ಆಗಿದಾರೆ. ನಿಮಗೇನಾದ್ರೂ ಹೇಳಿದಾರಾ?"

"ಸೊಂಟ ನೋವು ಅಂತಿದ್ರು ಕಣಮ್ಮ," ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ಅವರು ನನ್ನ ಭಾವನಿಗೆ ಹೇಳಿದಂತೆಯೇ, ಕಣ್ಣೂ ಮಿಟುಕಿಸದೆ. ಹುಡುಗಿಯ ಮುಖ ಕೊಂಚ ಹಗುರವಾದದ್ದನ್ನೂ ನೋಡಿದೆ. "ಥ್ಯಾಂಕ್ಸ್ ಅಂಕಲ್" ಎಂದು ಹೋದಳು.

ಜುಲೈನಲ್ಲಿ ಸಿಸ್ಟರ್ ಕೆಲಸದ ನಡುವೆಯೇ ಹೊಟ್ಟೆ ಹಿಡಿದುಕೊಂಡು ಕುಸಿದರು. ನರ್ಸಿಂಗ್ ಹೋಮಿನ ಕೆಳಗೆ ಮೆಡಿಕಲ್ ಸ್ಟೋರ್ ಇಟ್ಟಿರುವವರು ನನಗೆ ಪರಿಚಯ, ಅವರಿಂದ ತಿಳಿಯಿತು. ಪೈಲ್ಸ್ ಅಲ್ಲ, ಗುದನಾಳದ ಕ್ಯಾನ್ಸರ್. ಲಿವರಿಗೂ ಹೋಗಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರ್ ಮಗಳಿಗೆ, "ಆರು ತಿಂಗಳು ಮುಂಚೆ ಕರ್ಕೊಂಡು ಬಂದಿದ್ರೆ ಏನಾದ್ರೂ ಮಾಡಬಹುದಿತ್ತು" ಎಂದರಂತೆ. ನೋಡಲು ಹೋಗೋಣವೆಂದರೆ, ಯಾರೂ ಬರುವುದು ಬೇಡ ಎಂದು ಸಿಸ್ಟರೇ ಹೇಳಿದ್ದಾರೆ ಎಂದರು ಸ್ಟೋರಿನವರು. ಅದು ನನಗೆ ಅನುಕೂಲವೇ ಆಯಿತು ಎಂದು ಈಗ ಅನ್ನಿಸುತ್ತದೆ.

ಗಣೇಶನ ಹಬ್ಬದ ವಾರ ತೀರಿಕೊಂಡರು. ಸುದ್ದಿ ಗೊತ್ತಾಗುವ ಹೊತ್ತಿಗೆ ಮಣ್ಣಾಗಿತ್ತು. ಮೂರನೆಯ ದಿನ ಅವರ ಮನೆಯ ಗಲ್ಲಿಗೆ ಹೋದೆ. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು, ಕೊನೆಯದರಲ್ಲಿ ಕೂತೆ. ಪಕ್ಕದ ರಸ್ತೆಯಿಂದ ಗಣೇಶನ ಪೆಂಡಾಲಿನ ಹಾಡು ಕೇಳುತ್ತಿತ್ತು, ಯಾರೋ ಹೋಗಿ ಹೇಳಿದ ಮೇಲೆ ಸಣ್ಣದಾಯಿತು. ಬಿಳಿ ಗಡ್ಡದ ಹಿರಿಯರೊಬ್ಬರು ನೀರು ತಂದುಕೊಟ್ಟು, "ತಾವು?" ಎಂದರು. "ಪೋಸ್ಟ್ ಆಫೀಸ್" ಎಂದೆ. ಅವರು ತಲೆಯಾಡಿಸಿದರು. ಆಗ ಯಾರಾದರೂ ನನ್ನ ಕಾಲ್ಬೆರಳು ಚಿವುಟಿ ಗೊತ್ತಾಗುತ್ತಿದೆಯಾ ಎಂದು ಕೇಳಿದ್ದರೆ ಇಲ್ಲ ಎಂದೇ ಹೇಳುತ್ತಿದ್ದೆ. ನೀರು ಕುಡಿದು ಎದ್ದು ಬಂದೆ.

ಮಗಳು ಕೌಂಟರಿಗೆ ಬಂದದ್ದು ಹೋದ ವಾರ. ಪ್ಲಾಸ್ಟಿಕ್ ಕವರೊಂದನ್ನು ಕಂಡಿಯೊಳಗೆ ತಳ್ಳಿದಳು. ನನ್ನ ದಿಂಬು. ತೊಳೆದು, ಗಾಳಿ ಬಿಟ್ಟು, ರಬ್ಬರ್ ಅಂಟಿಕೊಳ್ಳದಂತೆ ಪೌಡರ್ ಹಾಕಿ ಮಡಿಚಿದ್ದಳು.

"ಇದು ನಿಮ್ದಂತೆ ಅಂಕಲ್. ವಾಪಸ್ ಕೊಡು ಅಂತ ಅಮ್ಮಿ ಕೊನೇ ವಾರ ಹೇಳಿದ್ರು. ನಿಮ್ಮ ಹರ್ನಿಯಾ ಆಪರೇಷನ್ ಆದಾಗ ತಗೊಂಡಿದ್ದು ಅಂತ."

ನೋವಿನ ಇಂಜೆಕ್ಷನ್ನುಗಳ ನಡುವೆಯೂ ಅವರು ನನ್ನ ಹರ್ನಿಯಾವನ್ನು ಕಾಪಾಡಿದ್ದರು. ನಾನು ಕವರಿನ ಮೇಲೆ ಕೈಯಿಟ್ಟುಕೊಂಡು ಕೂತೆ.

"ಹರ್ನಿಯಾಗೆ ಇದನ್ನ ಕೊಡಲ್ಲ ಅಂಕಲ್" ಎಂದಳು ಮೆಲ್ಲಗೆ.

"ಇಲ್ಲಮ್ಮ. ನಂಗಾಗಿದ್ದು ಪೈಲ್ಸ್."

"ಅಮ್ಮಿ ಯಾವಾಗ ಇಸ್ಕೊಂಡ್ರು?"

ಈಚೆಗೆ ಎಂದು ಹೇಳಬಹುದಿತ್ತು. ಅವಳಿಗೆ ಗೊತ್ತಾಗುತ್ತಿರಲಿಲ್ಲ.

"ಸಂಕ್ರಾಂತಿ ಮುಗಿದ ವಾರ."

"ರಕ್ತ ಹೋಗ್ತಿದೆ ಅಂತಾನೂ ಹೇಳಿದ್ರಾ?"

"ಹೇಳಿದ್ರು. ಯಾರಿಗೂ ಹೇಳ್ಬೇಡಿ ಅಂದಿದ್ರು. ನೀನು ಕೇಳೋಕೆ ಬಂದಾಗ ನಂಗೆ ಗೊತ್ತಿತ್ತು ಕಣಮ್ಮ."

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಸರಿಸುತ್ತಾ ಜನವರಿಯಿಂದ ಎಣಿಸಿದಳು. ಜುಲೈಗೆ ಬಂದಾಗ ಬೆರಳು ನಿಂತಿತು. ಡಾಕ್ಟರ್ ಹೇಳಿದ್ದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಿಂದೆ ನಿಂತಿದ್ದವರು ಕವರ್ ಹಿಡಿದು ಒಂದು ಹೆಜ್ಜೆ ಮುಂದೆ ಬಂದರು.

"ಮನೆಗೆ ಬಂದವರೆಲ್ಲ ಇದನ್ನೇ ಕೇಳ್ತಾರೆ ಅಂಕಲ್. ಇಷ್ಟು ವರ್ಷ ನರ್ಸ್ ಆಗಿದ್ದವರಿಗೆ ಹೆಂಗೆ ಗೊತ್ತಾಗ್ಲಿಲ್ಲ, ಮನೇಲಿರೋ ನಿಮಗಾದ್ರೂ ಹೆಂಗೆ ಗೊತ್ತಾಗ್ಲಿಲ್ಲ ಅಂತ. ಬಂದವರಿಗೆ ನಾನ್ ಏನ್ ಹೇಳ್ಲಿ?"

ತಾಯಿಯ ಪೆನ್ಸಿಲ್ಲಿನ ವಿಷಯ ಅವಳಿಗೆ ಗೊತ್ತಿರಲಾರದು.

"ನಿಜಾನೇ ಹೇಳಮ್ಮ," ಎಂದೆ. "ನಿಂಗೆ ಗೊತ್ತಿರ್ಲಿಲ್ಲ, ಪೋಸ್ಟ್ ಆಫೀಸ್‌ನವರಿಗೆ ಗೊತ್ತಿತ್ತು ಅಂತ ಹೇಳು."

ಅವಳು ಹೊರಟುಹೋದಳು. ಹಿಂದಿನವರು ಮುಂದೆ ಬಂದರು, ಅವರ ಸ್ಪೀಡ್ ಪೋಸ್ಟನ್ನು ತಕ್ಕಡಿಯ ಮೇಲಿಟ್ಟು ತೂಕ ನೋಡಿದೆ. ಅವಳು ಯಾರಿಗಾದರೂ ಹಾಗೆ ಹೇಳಿದಳೋ ಇಲ್ಲವೋ ಗೊತ್ತಿಲ್ಲ. ತಾಯಿಯ ಮಗಳು, ನನ್ನ ಮಾನ ಉಳಿಸಲು ಸುಮ್ಮನಿದ್ದರೂ ಇರಬಹುದು. ಅದಕ್ಕೇ ನಾನೇ ಇಲ್ಲಿ ಹೇಳಿದ್ದೇನೆ.